ಹೊಸ್ತಿಲಿನ ಹಿತ್ತಾಳೆ ಮೊಳೆ

ಆಫೀಸಿನಲ್ಲಿ ಅವಳಿಗೆ ರಸಮಟ್ಟದಮ್ಮ ಎಂದೇ ಹೆಸರು. ಗಾರೆ ಕೆಲಸದವರು ಗೋಡೆಯ ಮೇಲಿಟ್ಟು, ಒಳಗಿನ ಗುಳ್ಳೆ ನಡುವೆ ನಿಂತಿತೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಾರಲ್ಲ, ಆ ರಸಮಟ್ಟ. ಬೆನ್ನ ಹಿಂದೆ ಇಟ್ಟ ಹೆಸರು ಕಿವಿಗೆ ಬಿದ್ದಾಗ ಅವಳು ಸಿಟ್ಟಾಗಲಿಲ್ಲ, ಒಳಗೊಳಗೇ ಹಿಗ್ಗಿದಳು. ಯಾರ ಮನೆಗೆ ಹೋದರೂ ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡಿದ ಮೇಲೆಯೇ ಕುರ್ಚಿಯಲ್ಲಿ ಕೂರುವ ಹೆಂಗಸು. ಅಕ್ಕಪಕ್ಕದ ಮಕ್ಕಳ ಬೈತಲೆ ಸೊಟ್ಟಗಿದ್ದರೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ.

ಆಫೀಸು ಅವಳ ಸೋದರಮಾವ ಕಟ್ಟಿದ್ದು. ಊರಿಗೆ ನೀರು ತರುವುದು, ಬಳಸಿದ ನೀರನ್ನು ಊರಾಚೆ ಸಾಗಿಸುವುದು, ಇವೆರಡಕ್ಕೇ ನಕ್ಷೆ ಮಾಡಿಕೊಡುವ ಎಂಜಿನಿಯರುಗಳ ಕಂಪನಿ. ಶುರುವಿನಲ್ಲಿ ಇದ್ದದ್ದು ಒಂದು ಕೋಣೆ, ಒಂದು ಮೇಜು, ಎತ್ತರ ತಗ್ಗು ಅಳೆಯಲು ಎರವಲು ತಂದ ಒಂದು ಲೆವೆಲ್ ಯಂತ್ರ. ನೀರು ಎತ್ತರದಿಂದ ತಗ್ಗಿಗೆ ಹರಿಯುವುದು; ಹಾಗಾಗಿ ಎಲ್ಲಕ್ಕಿಂತ ಮೊದಲು ನಂಬುವಂಥ ಒಂದು ಎತ್ತರ ಬೇಕು. ಗುಡ್ಡದ ಬಂಡೆಯ ಮೇಲೆ ಹಿಂದೆ ಯಾರೋ ಅಳೆದು ಕೊರೆದಿಟ್ಟ ಗುರುತಿತ್ತು. ಮಾವ ಅಲ್ಲಿಂದ ಅಳೆಯುತ್ತ ಅಳೆಯುತ್ತ ಇಳಿದು ಬಂದು, ತಮ್ಮ ಆಫೀಸಿನ ಹೊಸ್ತಿಲ ಕಲ್ಲಿನಲ್ಲಿ ಹಿತ್ತಾಳೆಯ ಮೊಳೆ ಕೂರಿಸಿ, ಅದರ ಎತ್ತರ ಇಷ್ಟು ಎಂದು ಗೊತ್ತು ಮಾಡಿದರು. ಅಲ್ಲಿಂದಾಚೆಗೆ ಊರಿನ ಟ್ಯಾಂಕು, ಪೈಪು, ಚರಂಡಿ ಎಲ್ಲಕ್ಕೂ ಆ ಮೊಳೆಯೇ ಆಧಾರ. ಬಾಗಿಲಲ್ಲೇ ಗುರುತಿರುವಾಗ ಉರಿಬಿಸಿಲಲ್ಲಿ ಗುಡ್ಡ ಹತ್ತಲು ಯಾರಿಗೆ ಹುಚ್ಚು?

"ಹೊಸ್ತಿಲು ತುಳೀಬೇಡಿ, ಊರೇ ಕುಸಿದೀತು" ಎಂದು ಮಾವ ಬಂದವರಿಗೆಲ್ಲ ತಮಾಷೆ ಮಾಡುತ್ತಿದ್ದರು. ಆ ಬಾಗಿಲಿಗೆ ಒಂದು ಕೆಟ್ಟ ಚಾಳಿ. ವರ್ಷ ವರ್ಷವೂ ಒಂದು ಮೂಲೆ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು. ಬಡಗಿ ಬಂದು ಅಂಚು ಹೆರೆದು ಹೋಗುತ್ತಿದ್ದ. "ನೀರಿನವರ ಆಫೀಸಲ್ವಾ, ಮರಕ್ಕೂ ತೇವ" ಎಂದು ಮಾವ ಅನ್ನುವುದು, ಎಲ್ಲರೂ ನಗುವುದು. ರಸಮಟ್ಟದಮ್ಮನೂ ನಕ್ಕಿದ್ದಳು.

ಅವಳ ತಮ್ಮನೂ ಅಲ್ಲೇ ಎಂಜಿನಿಯರು. ಅಕ್ಕನ ಅಚ್ಚುಕಟ್ಟುತನದಲ್ಲಿ ಕಾಲುಪಾಲೂ ಅವನಿಗೆ ಬಂದಿರಲಿಲ್ಲ. ಅಂಗಿಯ ಗುಂಡಿ ಒಂದು ಮೇಲೆ, ಒಂದು ಕೆಳಗೆ. ಅಮ್ಮ ಇದ್ದದ್ದು ಅವನ ಮನೆಯಲ್ಲಿ. ಆ ಬೀದಿಯ ಚರಂಡಿಯ ಕೆಲಸ ಎರಡು ವರ್ಷದ ಹಿಂದೆ ಅಕ್ಕನೇ ಮಾಡಿಸಿದ್ದು. "ನೀರು ಮುಂದಕ್ಕೇ ಹೋಗಲ್ಲ ಕಣೇ, ಬಾಗಿಲ ಮುಂದೆ ಬಂದು ನಿಲ್ಲುತ್ತೆ" ಎಂದು ಅಮ್ಮ ಹೇಳಿದಾಗಲೆಲ್ಲ ಅವಳದು ಒಂದೇ ಉತ್ತರ: "ಲೆಕ್ಕ ಸರಿಯಾಗಿದೆ ಅಮ್ಮ. ನಿಮ್ಮ ಬೀದಿಯವರು ಕಸ ಹಾಕ್ತಾರೆ, ಅಷ್ಟೇ." ಹೋದ ವರ್ಷ ಅಮ್ಮ ಆ ಪಾಚಿಯಲ್ಲಿ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮಗಳು ಆಸ್ಪತ್ರೆಯಲ್ಲಿ ಹಗಲೂ ಇರುಳೂ ಕೂತಳು, ಚಾಕರಿಯಲ್ಲಿ ಯಾವ ಕೊರತೆಯನ್ನೂ ಮಾಡಲಿಲ್ಲ. ಮನೆಗೆ ಕರೆತರುವಾಗ, ಜಾರದಂತೆ ಅಡಿಯಲ್ಲಿ ಗೀರುಗಳಿದ್ದ ಹೊಸ ಚಪ್ಪಲಿ ತಂದು, "ನಿನ್ನ ಹಳೇದು ಸವೆದಿತ್ತು, ಅದಕ್ಕೇ ಜಾರಿದೆ" ಎಂದು ಗದರಿದ್ದಳು.

ಆಮೇಲೆ ಬಂದದ್ದು ಗುಡ್ಡದ ಪೈಪಿನ ಕೆಲಸ. ಗುಡ್ಡದ ಟ್ಯಾಂಕಿನಿಂದ ನೀರು ಪಂಪಿನ ಹಂಗಿಲ್ಲದೆ ಊರಿಗೆ ಇಳಿದು ಬರಬೇಕು. ಕೆಳಗಿನಿಂದ ಅಕ್ಕ, ಮೇಲಿನಿಂದ ತಮ್ಮ ಪೈಪು ಹಾಕಿಸುತ್ತ ಬಂದು ಶಾಲೆಯ ಹಿಂದಿನ ತಿರುವಿನಲ್ಲಿ ಕೂಡಿಸುವುದು ಎಂದು ಮಾತಾಗಿತ್ತು. ಕೊನೆಯ ಪೈಪು ಇಳಿಸಿದ ದಿನ ಅವಳು ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿದಳು. ಎರಡು ಬಾಯಿಗಳು ಎದುರುಬದುರಾಗಿದ್ದವು, ಆದರೆ ಅವಳ ಕಡೆಯದು ನಾಲ್ಕು ಬೆರಳು ಕೆಳಗಿತ್ತು. ಕೆಲಸಗಾರರು ಗುದ್ದಲಿ ಹಿಡಿದುಕೊಂಡೇ ಮುಖ ಮುಖ ನೋಡಿಕೊಂಡರು.

"ನೀನು ಹುಟ್ಟಿದಾಗಿಂದ ಒಂದು ಕೆಲಸನಾದ್ರೂ ನೆಟ್ಟಗೆ ಮಾಡಿದ್ದೀಯೇನೋ?" ಅವಳ ದನಿ ಶಾಲೆಯ ಕಿಟಕಿಗಳವರೆಗೂ ಹೋಯಿತು.

"ಅಕ್ಕಾ, ನಾನು ಬಂಡೆ ಗುರುತಿನಿಂದ ಶುರು ಮಾಡಿದ್ದು. ಪಕ್ಕದಲ್ಲೇ ಇತ್ತು. ಆಫೀಸ್ ಮೊಳೆಯಿಂದ ಅಳತೆ ಯಾಕೆ ಎಳ್ಕೊಂಡು ಬರ್ಲಿ ಅಂತ..."

"ಸೋಮಾರಿತನಕ್ಕೊಂದು ನೆಪ! ಇವತ್ತೇ ಮಾವಂಗೆ ಹೇಳಿ ನಿನ್ನನ್ನ ಈ ಕೆಲಸದಿಂದ ತೆಗೆಸ್ತೀನಿ."

"ತೆಗೆಸು. ಅದಕ್ಕೆ ಮುಂಚೆ ಬಂಡೆಯಿಂದ ಹೊಸ್ತಿಲವರೆಗೆ ಒಂದ್ಸಲ ಅಳೆದು ನೋಡು. ಅಳತೆ ಕೋಲು ನಾನೇ ಹಿಡೀತೀನಿ" ಎಂದ ತಮ್ಮ.

ಅವನ ಬಾಯಿ ಮುಚ್ಚಿಸಲೆಂದೇ ಅವಳು ಮರುದಿನ ಗುಡ್ಡ ಹತ್ತಿದಳು. ಅಳೆಯುತ್ತ ಇಳಿದು, ಬೀದಿ ದಾಟಿ, ಹೊಸ್ತಿಲಿನ ಮೊಳೆಯ ಮೇಲೆ ಕೋಲು ನಿಲ್ಲಿಸಿದಾಗ ಲೆಕ್ಕ ಕೂಡಲಿಲ್ಲ. "ಇನ್ನೊಂದ್ಸಲ" ಎಂದಳು. ಇಬ್ಬರೂ ಮತ್ತೆ ಗುಡ್ಡ ಹತ್ತಿ ಇಳಿದರು. ಮೊಳೆ ಇರಬೇಕಾದ ಎತ್ತರಕ್ಕಿಂತ ನಾಲ್ಕು ಬೆರಳು ಕೆಳಗಿತ್ತು. ಬಂಡೆಯಂತೂ ಮೇಲೆದ್ದಿರಲಾರದು. ಅವಳ ಕಣ್ಣು ತಾನಾಗಿಯೇ ಬಾಗಿಲಿನ ಹೆರೆದು ಹೆರೆದು ಸೊಟ್ಟಗಾದ ಮೂಲೆಗೆ ಹೋಯಿತು. ಕ್ಯಾಲೆಂಡರಿನ ಕೂದಲೆಳೆಯಷ್ಟು ಓರೆ ಕಾಣುವವಳಿಗೆ ದಿನಾ ತಳ್ಳಿಕೊಂಡು ಬರುವ ಬಾಗಿಲು ಕಂಡಿರಲಿಲ್ಲ!

ಸುದ್ದಿ ಕೇಳಿ ಮಾವ ಮೊದಲು ನಂಬಲಿಲ್ಲ. "ನನ್ನ ಮೊಳೆನಾ? ನಿಮಗೆ ತಲೆ ಕೆಟ್ಟಿದೆ" ಎಂದರು. ಹೊಸ್ತಿಲ ಪಕ್ಕದ ಚಪ್ಪಡಿ ಎತ್ತಿಸಿದಾಗ ಕೆಳಗಿನ ಮಣ್ಣು ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ಆಫೀಸಿನದೇ ನಲ್ಲಿಯ ಪೈಪು, ಅದರ ಒಂದು ಕೀಲಿನಿಂದ ನೀರು ಸದ್ದಿಲ್ಲದೆ ಜಿನುಗುತ್ತಿತ್ತು. ಎಷ್ಟು ವರ್ಷದಿಂದಲೋ ಮುಂಗೋಡೆಯ ಬುಡವನ್ನೇ ಕರಗಿಸಿ, ಹೊಸ್ತಿಲನ್ನು ಇಂಚಿಂಚಾಗಿ ಇಳಿಸಿತ್ತು. ಊರಿಗೆಲ್ಲ ನೀರಿನ ಬುದ್ಧಿ ಹೇಳಿದ ಕಂಪನಿ! ಮಾವ ಆ ಕೀಲನ್ನೇ ನೋಡುತ್ತ ನಿಂತರು.

"ಇದನ್ನ ಹಾಕಿದ್ದು ನಾನೇ, ನನ್ನ ಕೈಯಾರೆ. ನಮ್ಮ ಕಂಪನಿಯ ಮೊದಲನೇ ಕೆಲಸ" ಎಂದವರು, ಯಾರನ್ನೂ ತುಳಿಯಗೊಡದ ಹೊಸ್ತಿಲ ಮೇಲೆ ಕುಸಿದು ಕೂತರು.

ಅವಳು ತಮ್ಮನ ಕಡೆ ತಿರುಗಿದಳು. ಕೆಲಸಗಾರರೆಲ್ಲ ಇದ್ದರು, ಇರಲಿ ಎಂದುಕೊಂಡಳು. "ನಿನ್ನ ಪೈಪು ಸರಿಯಾಗಿದೆ ಕಣೋ. ಕಿತ್ತು ಮತ್ತೆ ಹಾಕಬೇಕಾದ್ದು ನಂದು. ತಪ್ಪು ನಂದೇ."

ತಮ್ಮ ಹಿರಿಹಿರಿ ಹಿಗ್ಗುತ್ತಾನೆಂದು ಅವಳೆಣಿಸಿದ್ದಳು. ಅವನ ಮುಖ ಮಾತ್ರ ಬಿಳುಚಿಕೊಂಡಿತ್ತು.

"ಅಕ್ಕಾ, ನಮ್ಮ ಬೀದಿ ಚರಂಡಿಗೆ ಎತ್ತರ ಎಲ್ಲಿಂದ ತಗೊಂಡಿದ್ದೆ?"

ಅದನ್ನೂ ಈ ಮೊಳೆಯಿಂದಲೇ ತಗೊಂಡಿದ್ದಳು. ಆ ಚರಂಡಿಗೆ ಕೊಟ್ಟಿದ್ದ ಇಳಿಜಾರೇ ಇಡೀ ಬೀದಿಗೆ ನಾಲ್ಕು ಬೆರಳು. ಕೊನೆಗೆ ಹಳೆಯ ದೊಡ್ಡ ಮೋರಿಗೆ ಕೂಡಿಸುವಾಗ ಮೇಸ್ತ್ರಿ, "ಅಮ್ಮಾ, ನಮ್ದು ಮೋರಿ ಬಾಯಿಗಿಂತ ತಗ್ಗಾಗಿದೆ, ಯಾಕೋ ಸರಿಯಾಗಿ ಕೂರ್ತಿಲ್ಲ" ಎಂದಿದ್ದ. ಸಿಮೆಂಟು ಬಳಿದು ಕೂರಿಸು ಎಂದವಳು ಅವಳೇ. ಕೋಲು ಕೈಯಲ್ಲಿದೆ ಎಂಬುದನ್ನೂ ಮರೆತು, ಅದನ್ನು ಹಿಡಿದುಕೊಂಡೇ ಅವಳು ಅಮ್ಮನ ಬೀದಿಗೆ ನಡೆದಳು.

ಬಾಗಿಲ ಮುಂದೆ ಎಂದಿನಂತೆ ಹಸಿರು ನೀರು ನಿಂತಿತ್ತು. ಅಮ್ಮ ಊರುಗೋಲು ಹಿಡಿದು ಹೊರಗೆ ಬಂದವಳು ಮಗಳ ಮುಖ ನೋಡಿದ್ದೇ ಹೆದರಿ, ಅವಸರವಸರವಾಗಿ ಸೀರೆಯ ಅಂಚೆತ್ತಿ ಪಾದ ತೋರಿಸಿದಳು.

"ಬೈಬೇಡ ಕಣೇ. ನೋಡು, ನೀನು ತಂದುಕೊಟ್ಟ ಚಪ್ಪಲಿ ಹಾಕ್ಕೊಂಡೇ ಇದ್ದೀನಿ."