ಹೊಗೆ ತೊಳೆದುಕೊಂಡು ವಾರ್ಡಿಗೆ ಹೋಗುವ ಹಂಪವ್ವ

ಬೆಳಕು ಹರಿಯುವ ಹೊತ್ತಿಗೆ ದಾವಣಗೆರೆಯ ಆ ಮಂಡಕ್ಕಿ ಭಟ್ಟಿಯಲ್ಲಿ ಬಾಣಲೆಯ ಮರಳು ಕಾದಿರುತ್ತದೆ. ಒಲೆಯ ಬಾಯಿಗೆ ಹೊಟ್ಟು ಬೀಳುತ್ತಲೇ ಇದೆ. ಹೊಗೆ ತಗಡಿನ ಸೂರಿಗೆ ಬಡಿದು ಮತ್ತೆ ಕೆಳಗಿಳಿಯುತ್ತದೆ. ಹಂಪವ್ವ ಉಪ್ಪುನೀರು ಹಿಡಿದ ಅಕ್ಕಿಯನ್ನು ಮರಳಿಗೆ ಸುರಿದು ಕಡ್ಡಿಯ ಕಟ್ಟಿನಿಂದ ಕಲಕುತ್ತಾರೆ. ಚಟಪಟ ಅರಳಿದ್ದನ್ನು ಜರಡಿಗೆತ್ತಿ, ಮರಳು ಉದುರಿಸಿ, ಜರಡಿಯನ್ನು ಒಮ್ಮೆ ಕೈಯಲ್ಲೇ ತೂಗುತ್ತಾರೆ. ಅರಳದ ಕಾಳು ಉಳಿದಿದ್ದರೆ ಕೈಗೆ ಭಾರ ಗೊತ್ತಾಗುತ್ತದೆ. ಕಣ್ಣು ಹಾಕಿ ನೋಡುವ ಅಗತ್ಯ ಅವರಿಗಿಲ್ಲ.

ತಲೆಗೆ ಕಟ್ಟಿದ ಬಟ್ಟೆ ಬೆವರಿಗೆ ಜಾರುತ್ತದೆ. ಒಳಗೆ ನುಣ್ಣಗೆ ಬೋಳಿಸಿದ ತಲೆ, ಹಣೆಯಲ್ಲಿ ಅಗಲ ಕುಂಕುಮ. ಚೀಲ ಒಯ್ಯಲು ಬಂದ ಹೊಸ ಗಾಡಿಯವನೊಬ್ಬ ಯಾವ ದೇವರಿಗೆ ಮುಡಿ ಕೊಟ್ಟಿರಿ ಎಂದು ಕೇಳುತ್ತಾನೆ.

"ಇದಕ್ಕ ಕೊಟ್ಟೀನಪ್ಪ" ಎಂದು ಹಂಪವ್ವ ಒಲೆಯ ಕಡೆ ಗಲ್ಲ ತೋರಿಸುತ್ತಾರೆ. ಗಾಡಿಯವನು ನಗುತ್ತಾನೆ. ಭಟ್ಟಿಯವರು ಯಾರೂ ನಗುವುದಿಲ್ಲ.

ಹಂಪವ್ವನಿಗೆ ಐವತ್ನಾಲ್ಕು ವರ್ಷ. ಮನೆ ಹರಿಹರದಲ್ಲಿ. ಮೂವತ್ತು ವರ್ಷದಿಂದ ದಾವಣಗೆರೆಯ ಭಟ್ಟಿಗಳಲ್ಲಿ ಮಂಡಕ್ಕಿ ಹುರಿಯುತ್ತಿದ್ದಾರೆ. ಗಂಡ ಭರಮಣ್ಣ ಗಾರೆ ಕೆಲಸ ಮಾಡುತ್ತಿದ್ದರು, ಮೊಣಕಾಲು ಕೈಕೊಟ್ಟ ಮೇಲೆ ಮನೆಯಲ್ಲಿದ್ದಾರೆ. ಒಬ್ಬನೇ ಮಗ ಹಾಲಸ್ವಾಮಿ ಲೇತ್ ಮಷಿನ್ ಕೆಲಸಗಾರ. ಅವನ ಹೆಂಡತಿ ಸುಮಾ, ಇಪ್ಪತ್ತಾರು ವರ್ಷ, ಹತ್ತಿರದ ಸಾರಥಿ ಎಂಬ ಊರಿನವಳು. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯವರ ರವಿಕೆ ಹೊಲಿಯುತ್ತಿದ್ದಳು. ಶ್ರಾವಣದಲ್ಲಿ ಅವಳಿಗೆ ಬಂದ ಜ್ವರ ಬಿಡಲಿಲ್ಲ. ಡೆಂಗಿ ಎಂದುಕೊಂಡು ಮಾಡಿಸಿದ ರಕ್ತ ಪರೀಕ್ಷೆ ರಕ್ತದ ಕ್ಯಾನ್ಸರ್ ಎಂದು ಹೇಳಿತು. ಆಗಿನಿಂದ ಸುಮಾ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಇದ್ದಾಳೆ.

ಮನೆಯವರು ಹೊತ್ತು ಹಂಚಿಕೊಂಡಿದ್ದಾರೆ. ಹಾಲಸ್ವಾಮಿ ಹಗಲು ಹರಿಹರದಲ್ಲಿ ಕೆಲಸ ಸಿಕ್ಕಷ್ಟು ಮಾಡಿ ರಾತ್ರಿ ಆಸ್ಪತ್ರೆಗೆ ಬರುತ್ತಾನೆ. ಅಡುಗೆ ಭರಮಣ್ಣನ ಪಾಲು. ಕುದಿಸಿ ಆರಿಸಿದ ನೀರು ಮತ್ತು ಗಂಜಿಯನ್ನು ಮುಚ್ಚಳ ಭದ್ರ ಮಾಡಿಕೊಂಡು ಬೆಳಗಿನ ಬಸ್ಸಿಗೆ ತರುತ್ತಾರೆ. ಒಲೆ ಹಚ್ಚುವುದನ್ನು ಈ ವಯಸ್ಸಿನಲ್ಲಿ ಕಲಿತವರು. "ಮೊದಲ ದಿನ ಗಂಜಿ ಮಾಡಿದ್ರು. ಸಿಮೆಂಟ್ ಕಲಸಿದಂಗೆ ಆಗಿತ್ತು, ಗಾರೆಯವನ ಕೈ ಅಲ್ವೇನ್ರಿ" ಎನ್ನುತ್ತಾರೆ ಹಂಪವ್ವ. ಭಟ್ಟಿ ಮುಗಿಸಿ ಸಂಜೆಯವರೆಗೆ ಸೊಸೆಯ ಪಕ್ಕ ಕೂರುವುದು ಹಂಪವ್ವನ ಪಾಲು.

ಆ ಪಾಲು ಎರಡನೇ ವಾರದಲ್ಲೇ ತಪ್ಪಿತು. ಕಿಮೊಥೆರಪಿ ಶುರುವಾದ ಮೇಲೆ ಅತ್ತೆ ಹತ್ತಿರ ಬಂದರೆ ಸುಮಾ ಗೋಡೆಯ ಕಡೆ ಹೊರಳತೊಡಗಿದಳು. ಹೊದಿಕೆ ಮುಖದ ಮೇಲೆ ಎಳೆದುಕೊಳ್ಳುತ್ತಿದ್ದಳು. ಗಂಜಿಯ ಚಮಚ ಬಾಯಿಯ ಬಳಿ ತಂದರೆ ವಾಂತಿ. ಅದೇ ಗಂಜಿಯನ್ನು ರಾತ್ರಿ ಗಂಡ ಕೊಟ್ಟರೆ ಒಂದೆರಡು ಗುಟುಕಾದರೂ ಕುಡಿಯುತ್ತಿದ್ದಳು.

ಹಂಪವ್ವ ಇದನ್ನು ಸಿಟ್ಟು ಎಂದು ತಿಳಿದರು. ಹಾಗೆ ತಿಳಿಯಲು ಕಾರಣವೂ ಇತ್ತು. ಜ್ವರದ ಮೊದಲ ದಿನಗಳಲ್ಲಿ ಸುಮಾ ಹೊತ್ತೇರಿದರೂ ಏಳುತ್ತಿರಲಿಲ್ಲ. ಬಿಸಿಲು ಮೈಮೇಲೆ ಬಂದರೂ ಮಲಗಿದ್ದೀಯಲ್ಲ, ತವರು ಮನೆ ಅಂದುಕೊಂಡೆಯಾ ಎಂದು ಇವರು ಒಮ್ಮೆ ಗದರಿದ್ದರು. "ಆ ಮಾತು ಮನಸಿನ್ಯಾಗ ಇಟ್ಕಂಡಾಳ ಅಂದ್ಕಂಡೆ. ಇಟ್ಕಳ್ಳಿ, ತಪ್ಪೇನು ಅಂತ ಹೊರಗ ಬಂದು ಕುಂತೆ" ಎನ್ನುತ್ತಾರೆ. ವಾರದ ಮೇಲಾಯಿತು, ವಾರ್ಡಿನ ಹೊರಗಿನ ಮೆಟ್ಟಿಲೇ ಅವರ ಜಾಗವಾಯಿತು. ಸೊಸೆ ಬಾಯಿಬಿಟ್ಟು ಏನೂ ಹೇಳಲಿಲ್ಲ. ಅತ್ತೆ ಕೇಳಲಿಲ್ಲ. ಹಗಲಿನ ಗಂಜಿ ಡಬ್ಬಿಯಲ್ಲೇ ತಣ್ಣಗಾಗಿ ಹರಿಹರಕ್ಕೆ ವಾಪಸ್ ಹೋಗುತ್ತಿತ್ತು.

ಸುಮಾಳ ತೂಕ ಇಳಿಯಿತು. ಈ ಸ್ಥಿತಿಯಲ್ಲಿ ಮುಂದಿನ ಸುತ್ತಿನ ಔಷಧಿಯನ್ನು ದೇಹ ತಡೆಯುವುದಿಲ್ಲ, ಹೊಟ್ಟೆಗೆ ಹೋಗಲೇಬೇಕು ಎಂದು ವೈದ್ಯರು ಹೇಳಿದರು. ಚಿಕಿತ್ಸೆ ಮುಂದಕ್ಕೆ ಹೋಯಿತು.

ವಿಷಯ ಹೊರಬಂದದ್ದು ವಾರ್ಡಿನ ನರ್ಸ್ ವಾಣಿಶ್ರೀ ಅವರಿಂದ. ಹಗಲು ಯಾಕೆ ಉಣ್ಣುವುದಿಲ್ಲ ಎಂದು ಅವರು ಸುಮಾಳನ್ನು ಒತ್ತಾಯ ಮಾಡಿ ಕೇಳಿದರು. ಅತ್ತೆ ಬಂದರೆ ಹೊಗೆಯ ವಾಸನೆ, ಹೊಟ್ಟೆ ತೊಳಸುತ್ತದೆ, ಅವರಿಗೆ ಹೇಗೆ ಹೇಳಲಿ ಎಂದು ಸುಮಾ ಅತ್ತಳು. ಕಿಮೊಥೆರಪಿಯಲ್ಲಿ ಇರುವವರಿಗೆ ವಾಸನೆ ಹೀಗೆ ಕಾಡುವುದು ಸಾಮಾನ್ಯ ಎನ್ನುತ್ತಾರೆ ವಾಣಿಶ್ರೀ. ಕೆಲವರಿಗೆ ಒಗ್ಗರಣೆ, ಕೆಲವರಿಗೆ ಸೋಪು. ಸುಮಾಳಿಗೆ ಹೊಗೆ.

ವಾಣಿಶ್ರೀ ಮೆಟ್ಟಿಲಿಗೆ ಬಂದು ಹೇಳಿದಾಗ ಹಂಪವ್ವ ತಮ್ಮ ಸೆರಗನ್ನು ಮೂಗಿಗೆ ಹಿಡಿದು ನೋಡಿದರಂತೆ. ಏನೂ ಗೊತ್ತಾಗಲಿಲ್ಲ. "ನಮ್ಮ ಭಟ್ಟಿಯೋರಿಗೆ ಯಾರಿಗೂ ಗೊತ್ತಾಗಲ್ಲ ರೀ. ಎಲ್ಲರ ಮೈಯಾಗೂ ಅದೇ ಇರತೈತೆ. ನನ್ನ ಮೈ ನಾರತೈತೆ ಅಂತ ಅವತ್ತ ತಿಳೀತು."

ಕೆಲಸ ಬಿಡುವಂತಿರಲಿಲ್ಲ. ಮನೆಗೆ ತಪ್ಪದೆ ಬರುವುದು ಈಗ ಇವರ ಕೂಲಿ ಮಾತ್ರ. ಭಟ್ಟಿಯ ಮಾಲೀಕ ಜಮಾಲುದ್ದೀನ್ ಚೀಲ ಹೊಲಿಯುವ ಕಡೆ ಹಾಕಿ ನೋಡಿದರು. ಅಲ್ಲೂ ಅದೇ ಹೊಗೆ. ಕೊನೆಗೆ ಭಟ್ಟಿಯ ಹಿಂದಿನ ನಲ್ಲಿಯ ಸುತ್ತ ಮರೆಗೆ ತಟ್ಟಿ ಕಟ್ಟಿಸಿ ಕೊಟ್ಟರು. ಹಂಪವ್ವ ಅಲ್ಲಿ ಸೀಗೆಕಾಯಿ ಹಾಕಿ ಮೈ ಉಜ್ಜಿ, ಹರಿಹರದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದ ಸೀರೆ ಉಟ್ಟು ಆಸ್ಪತ್ರೆಗೆ ಹೋದರು. ಸುಮಾ ಮತ್ತೆ ಹೊದಿಕೆ ಎಳೆದುಕೊಂಡಳು. ವಾಣಿಶ್ರೀ ಹಂಪವ್ವನ ಭುಜದ ಬಳಿ ಮೂಗು ತಂದು ನೋಡಿ, ಕೂದಲಲ್ಲಿ ಉಳಿದಿದೆ ಎಂದರು. ಮತ್ತೆರಡು ದಿನ ತಲೆ ತಿಕ್ಕಿದ್ದಾಯಿತು. ಸೊಂಟದವರೆಗಿನ ಕೂದಲು, ಮೂವತ್ತು ವರ್ಷದ ಹೊಗೆ. ಹೋಗಲಿಲ್ಲ.

ಮಾರನೆಯ ದಿನ ಭಟ್ಟಿಗೆ ರಜೆ ಹಾಕಿ ಗಂಡ ಹೆಂಡತಿ ಹರಿಹರದ ಹೊಳೆ ದಂಡೆಗೆ ಹೋದರು. ಸೂತಕದವರು, ಹರಕೆಯವರು ತಲೆ ಬೋಳಿಸಿಕೊಳ್ಳುವ ಜಾಗ ಅದು. ಯಾರು ತೀರಿಕೊಂಡರು ಎಂದು ಕ್ಷೌರಿಕ ಕೇಳಿದ. ಯಾರೂ ಇಲ್ಲ ಎಂದರು ಹಂಪವ್ವ. ಹಾಗಾದರೆ ಹರಕೆಯೇ? ಅದೂ ಅಲ್ಲ. ಕುಂಕುಮ ಇಟ್ಟ ಹೆಂಗಸಿನ ತಲೆಗೆ ಸುಮ್ಮನೆ ಕತ್ತಿ ಇಡಲು ಅವನು ಒಪ್ಪಲಿಲ್ಲ. ಆಗ ಭರಮಣ್ಣ ಮುಂದೆ ಬಂದು ಹೇಳಿದ ಮಾತು ಈಗ ಅವರ ಓಣಿಯಲ್ಲೆಲ್ಲ ಗೊತ್ತು.

"ಬೋಳ್ಸಪ್ಪ. ನಾ ಇಲ್ಲೇ ನಿಂತೀನಿ, ಇನ್ನೂ ಸತ್ತಿಲ್ಲ."

ಆಸ್ಪತ್ರೆಯಲ್ಲಿ ಅತ್ತೆಯ ಬೋಳು ತಲೆ ಕಂಡು ಸುಮಾ ಬೆಚ್ಚಿದಳು. ಮಾವನಿಗೇನಾಯಿತು ಎಂಬುದೇ ಅವಳ ಮೊದಲ ಪ್ರಶ್ನೆ. ಹೊಗೆ ಹೋಗಲಿಲ್ಲ, ಅದಕ್ಕೆ ತೆಗೆಸಿದೆ ಎಂದು ಹಂಪವ್ವ ಚಮಚ ಎತ್ತಿಕೊಂಡರು. ಅಷ್ಟರಲ್ಲಿ ಸುಮಾಳ ಕೂದಲೂ ಪೂರ್ತಿ ಉದುರಿತ್ತು. ಪಕ್ಕದ ಮಂಚದವರು ಈ ಇಬ್ಬರನ್ನು ತಾಯಿ ಮಗಳು ಎಂದುಕೊಂಡರು. ಆ ದಿನ ಸುಮಾ ಸ್ವಲ್ಪ ಗಂಜಿ ಕುಡಿದಳು. ಮುಂದಿನ ವಾರಗಳಲ್ಲಿ ತೂಕ ಇಳಿಯುವುದು ನಿಂತಿತು, ಎರಡನೇ ಸುತ್ತಿಗೆ ವೈದ್ಯರು ಒಪ್ಪಿದರು.

ಇಲ್ಲಿಗೆ ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ಮೊದಲ ಸುತ್ತಿನ ಔಷಧಿಗೆ ರೋಗ ನಿರೀಕ್ಷಿಸಿದಷ್ಟು ಜಗ್ಗಿಲ್ಲ. ಎರಡನೆಯದು ಹೆಚ್ಚು ಬಿರುಸಿನದು. ಅದರ ನಂತರ ಏನು ಎಂಬುದಕ್ಕೆ ವೈದ್ಯರು ಖಚಿತ ಉತ್ತರ ಕೊಡುವುದಿಲ್ಲ. ಸುಮಾಳಿಗೂ ಇದು ಗೊತ್ತು. ಹಾಲಸ್ವಾಮಿ ಹೆಚ್ಚು ಮಾತನಾಡುವವನಲ್ಲ. "ಡಾಕ್ಟ್ರು ನೋಡೋಣ ಅಂತಾರ. ನಾವೂ ನೋಡೋಣ ಅಂತೀವಿ. ಬ್ಯಾರೆ ಏನೈತೆ" ಎಂದಷ್ಟೇ ಹೇಳುತ್ತಾನೆ. ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ರವಿಕೆಯೊಂದು ಹಾಗೇ ಇದೆಯಂತೆ. ಕೊಟ್ಟವರು ಕೇಳಲು ಬಂದಿಲ್ಲ.

ಎರಡನೇ ಸುತ್ತು ಶುರುವಾಗಿ ಎರಡು ದಿನವಾಗಿದೆ. ಈ ಬೆಳಿಗ್ಗೆ ಹಂಪವ್ವ ನಲ್ಲಿಯ ಕೆಳಗೆ ತಲೆ, ಕುತ್ತಿಗೆ, ಉಗುರಿನ ಸಂದು ಉಜ್ಜಿಕೊಂಡು, ಸೀರೆ ಬದಲಿಸಿ, ಗಂಡ ತಂದ ಡಬ್ಬಿ ಇಸಿದುಕೊಂಡು ಆಸ್ಪತ್ರೆಗೆ ಬರುತ್ತಾರೆ. ಬಾಗಿಲಲ್ಲಿ ವಾಣಿಶ್ರೀ ಎಂದಿನಂತೆ ಭುಜದ ಬಳಿ ಬಗ್ಗಿ ನೋಡಿ ತಲೆಯಾಡಿಸುತ್ತಾರೆ. ವಾಸನೆ ಇಲ್ಲ. ಆದರೂ ಹತ್ತಿರ ಹೋಗುತ್ತಲೇ ಸುಮಾ ಕಣ್ಣು ಮುಚ್ಚಿಯೇ ಹೊದಿಕೆ ಎಳೆದುಕೊಳ್ಳುತ್ತಾಳೆ. ಔಷಧಿ ಏರುವ ದಿನಗಳಲ್ಲಿ ಯಾರು ಬಂದರೂ ಹೀಗೆ ಎಂದು ವಾಣಿಶ್ರೀ ಹೇಳುತ್ತಾರೆ. ಹಂಪವ್ವ ಡಬ್ಬಿಯನ್ನು ಅವರ ಕೈಗೆ ಕೊಟ್ಟು ಸದ್ದಿಲ್ಲದೆ ಹೊರಬಂದು ಅದೇ ಮೆಟ್ಟಿಲ ಮೇಲೆ ಕೂರುತ್ತಾರೆ.

"ಅವಾಗ ಸಿಟ್ಟಾಗ್ಯಾಳ ಅಂತ ಕುಂತಿದ್ದೆ. ಈಗ ಕಾಯ್ತಾ ಕುಂತೀನಿ. ಎರಡೂ ಒಂದೇ ಅಲ್ಲ ರೀ."

ಏನು ಬೇಕೆನಿಸುತ್ತದೆ ಎಂದರೆ ಅವರು ದೊಡ್ಡದೇನೂ ಕೇಳುವುದಿಲ್ಲ. "ಮನೀಗೆ ಬರ್ಲಿ. ಬಂದ್ರ ನಾ ಹೊರಗ ಕಟ್ಟಿ ಮ್ಯಾಲೆ ಮಲಗ್ತೀನಿ. ಒಳಗ ಅವ್ಳು ಆರಾಮ್ ಉಸಿರಾಡ್ಲಿ."

ಹೊತ್ತು ಏರುತ್ತದೆ. ಮೆಟ್ಟಿಲಿನ ನೆರಳು ಗೋಡೆಗೆ ಸರಿಯುತ್ತದೆ. ವಾಣಿಶ್ರೀ ಹೊರಬಂದು, ಬೇರೆ ರೋಗಿಯ ಕರೆಗೆ ಓಡುವ ಅವಸರದಲ್ಲಿ ಡಬ್ಬಿಯನ್ನು ಹಂಪವ್ವನ ಕೈಗೆ ಇಟ್ಟು ಹೋಗುತ್ತಾರೆ. ಹಂಪವ್ವ ಮುಚ್ಚಳ ತೆರೆಯುವುದಿಲ್ಲ. ಡಬ್ಬಿಯನ್ನು ಅಂಗೈಯಲ್ಲಿ ಇಟ್ಟುಕೊಂಡು, ಭಟ್ಟಿಯ ಜರಡಿಯನ್ನು ತೂಗುವಂತೆ, ಒಮ್ಮೆ ಮೇಲಕ್ಕೆತ್ತಿ ಇಳಿಸುತ್ತಾರೆ.

"ಅರ್ಧ ಉಂಡಾಳೆ" ಎನ್ನುತ್ತಾರೆ.