ಸ್ಪ್ಯಾಮ್‌ನಲ್ಲಿ ಸಿಕ್ಕ ಶಿಷ್ಯರು

“ಇದನ್ನ ಬರೆದೋರು ನೀವೇ ಏನಮ್ಮಾ?” ಎನ್ನುತ್ತ ಬಿಳಿಗೂದಲಿನ ಮಹಿಳೆಯೊಬ್ಬರು ಹೆಬ್ಬಾಳದ ನಮ್ಮ ಪುಟ್ಟ ಆಫೀಸಿಗೆ ಬಂದು ನನ್ನ ಮೇಜಿನ ಮೇಲೆ ಕೈಪಿಡಿಯೊಂದನ್ನು ಇಟ್ಟರು. ಬೇಡದ ಇಮೇಲ್‌ಗಳನ್ನು ತಡೆಯುವ ನಮ್ಮ ಸಾಫ್ಟ್‌ವೇರಿನ ಕೈಪಿಡಿ ಅದು. ಆ ವಾರ ನಾನು ಅದನ್ನೇ ತಿದ್ದುತ್ತಿದ್ದೆ.

ಅವರು ಇದೇ ಊರಿನ ನಜರ್‌ಬಾದ್ ಬಡಾವಣೆಯ ನಿವೃತ್ತ ಇಂಗ್ಲಿಷ್ ಟೀಚರ್. ನಮ್ಮ ಸಾಫ್ಟ್‌ವೇರ್ ಬಳಸುವ ಬ್ರೌಸಿಂಗ್ ಸೆಂಟರಿನಲ್ಲಿ ಕೂತು, ಹಳೆಯ ವಿದ್ಯಾರ್ಥಿಗಳನ್ನೆಲ್ಲ ಊಟಕ್ಕೆ ಕರೆದು ಮೇಲ್ ಕಳಿಸಿದ್ದರಂತೆ. ಹತ್ತು ದಿನವಾದರೂ ಒಬ್ಬರೂ ಉತ್ತರಿಸಿರಲಿಲ್ಲ. “ಮರೆತೇಬುಟ್ರು ಅನ್ಸುತ್ತೆ” ಎನ್ನುವಾಗ ಅವರ ದನಿ ಸಣ್ಣಗಾಯಿತು. ‘ತಡೆದ ಮೇಲ್‌ಗಳು ಬೀಳುವ ಸ್ಪ್ಯಾಮ್ ಫೋಲ್ಡರ್ ತೆರೆಯುವ ಅಗತ್ಯವಿಲ್ಲ’ ಎಂದು ನಾನು ಬರೆದಿದ್ದನ್ನು ಅವರು ಚಾಚೂ ತಪ್ಪದೆ ಪಾಲಿಸಿದ್ದರು.

ನನ್ನ ಕಂಪ್ಯೂಟರಿನಲ್ಲೇ ಅವರ ಮೇಲ್ ತೆರೆಸಿ ಆ ಫೋಲ್ಡರ್ ಒತ್ತಿದೆ. ಹದಿನಾಲ್ಕು ಉತ್ತರಗಳಿದ್ದವು! ‘ಬಂದೇ ಬರ್ತೀವಿ ಮಿಸ್’ ಎಂದು ಬರೆದವರೆಲ್ಲ ಸಂಭ್ರಮಕ್ಕೆ ಸಾಲುಸಾಲು ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದರು. ನಮ್ಮ ಸಾಫ್ಟ್‌ವೇರ್ ಅವನ್ನು ಜಾಹೀರಾತೆಂದುಕೊಂಡು ಆಚೆ ತಳ್ಳಿತ್ತು.

“ಒಂದೇ ಸಾಕು ಕಣ್ರೋ ಅಂತ ಕ್ಲಾಸಲ್ಲಿ ಎಷ್ಟ್ ಬಡ್ಕೊಂಡೆ, ಕೇಳಿದ್ರಾ ನೋಡಮ್ಮಾ!” ಎಂದು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

ಕೈಪಿಡಿಯಲ್ಲಿದ್ದ ಆ ಸಾಲನ್ನು ಅಂದೇ ತಿದ್ದಿದೆ. ಕೈಪಿಡಿಯನ್ನು ಯಾರೂ ಓದುವುದಿಲ್ಲವೆಂದು ಗೊಣಗುತ್ತಿದ್ದವಳು, ಅಂದಿನಿಂದ ಪ್ರತಿ ವಾಕ್ಯವನ್ನೂ ಆ ಟೀಚರ್ ಓದುತ್ತಾರೆಂದುಕೊಂಡೇ ಬರೆಯುತ್ತೇನೆ.