ಸೋತವಳ ಧನ್ಯವಾದ

ನೆಬ್ರಾಸ್ಕಾದ ಆ ಜೋಳದ ಸೀಮೆಯಲ್ಲಿ ಸಂಸತ್ತಿನ ಚುನಾವಣೆ ಮುಗಿದ ಮೇಲೆ ಗೆದ್ದವನು ಕಾಣಿಸದಿದ್ದರೂ ಸೋತ ವರ್ಲೀನ್ ಸ್ಟ್ರೋಬೆಲ್ ಕಾಣಿಸದೆ ಇರುವುದಿಲ್ಲ. ಶಾಲಾ ಬಸ್ ಓಡಿಸಿ ನಿವೃತ್ತಳಾದ ಇವಳ ಪಕ್ಷ ಅಲ್ಲಿ ಗೆದ್ದದ್ದನ್ನು ಕಂಡವರು ಈಗ ಯಾರೂ ಬದುಕಿಲ್ಲ. ಅಭ್ಯರ್ಥಿ ಯಾರಾಗುತ್ತೀರಿ ಎಂದು ಪಕ್ಷದವರು ಕೇಳಿದರೆ ಉಳಿದವರೆಲ್ಲ ನೆಲ ನೋಡುತ್ತಾರೆ, ಇವಳು ಕೈ ಎತ್ತುತ್ತಾಳೆ. ಕ್ಷೇತ್ರವೋ, ಬೆಳಗ್ಗೆ ಹೊರಟರೆ ಸಂಜೆಗೂ ಇನ್ನೊಂದು ತುದಿ ಸಿಗದಷ್ಟು ದೊಡ್ಡದು. ಅದನ್ನೆಲ್ಲ ಹಳೇ ಪಿಕಪ್‌ನಲ್ಲಿ ಸುತ್ತಿ ಸೋಲುತ್ತಾಳೆ, ಸೋತ ಮೇಲೆ ಮತ್ತೆ ಅದೇ ಬಾಗಿಲುಗಳನ್ನು ತಟ್ಟಿ, "ಓಟು ಹಾಕಿದ್ರಲ್ಲ, ಧನ್ಯವಾದ ಹೇಳೋಕೆ ಬಂದೆ" ಅನ್ನುತ್ತಾಳೆ. "ನಿಂಗೆ ಹಾಕ್ಲಿಲ್ವಲ್ಲ" ಅಂದರೆ, "ನಂಗೆ ಅಂತ ನಾನಂದ್ನಾ?" ಎಂದು ನಗುತ್ತಾಳೆ. ಬಾಗಿಲು ತೆಗೆಯದ ಮನೆಗಳಲ್ಲಿ ನಾಯಿಗಾದರೂ ಹೇಳಿಯೇ ಹೋಗುತ್ತಾಳೆಂದು ಊರಿನವರ ತಮಾಷೆ. ಈ ನವೆಂಬರಿನಲ್ಲಿ, ಎದುರಾಳಿಯ ಪ್ರಚಾರ ಫಲಕವನ್ನು ಅಂಗಳದಿಂದ ಇನ್ನೂ ಕೀಳದ ರೈತ ಎಮಿಲ್ ಕುಬಾಟ್ ಅವಳನ್ನು ಮೆಟ್ಟಿಲ ಮೇಲೆಯೇ ತಡೆದ. "ನೀನು ಹೇಳೋದು ಆಮೇಲೆ, ಮೊದ್ಲು ನಾನು ಹೇಳ್ತೀನಿ ಕೇಳು ಮಾರಾಯ್ತಿ. ಎದುರು ಯಾರೂ ಇಲ್ದಾಗ ನಮ್ಮವನು ಈ ಕಡೆ ತಲೆ ಹಾಕ್ತಿರ್ಲಿಲ್ಲ. ಹೆರಿಗೆ ಆಸ್ಪತ್ರೆ ಮುಚ್ತಾರೆ ಅಂತ ನೀನು ಊರೂರಲ್ಲಿ ಕೂಗಿದ್ಮೇಲೆ ಹೆದರ್ಕೊಂಡು ಓಡಿಬಂದು ದುಡ್ಡು ಕೊಡಿಸ್ದ. ಮೊನ್ನೆ ಹಿಮ ಬೀಳ್ತಿತ್ತಲ್ಲ, ನನ್ನ ಮೊಮ್ಮಗಳು ಹುಟ್ಟಿದ್ದು ಅಲ್ಲೇ, ಈಗ ಒಳಗೆ ಮಲಗಿದಾಳೆ. ದೂರದ ಊರಿಗೆ ಕರ್ಕೊಂಡು ಹೋಗಬೇಕಾಗಿದ್ರೆ ತಾಯಿ, ಮಗು ಇಬ್ರೂ ಉಳೀತಿರ್ಲಿಲ್ಲ. ಮುಂದಿನ ಸಲಾನೂ ನಿಂಗೆ ಹಾಕಲ್ಲ. ಆದ್ರೆ ನೀನು ನಿಲ್ಲಬೇಕು." ಇಷ್ಟು ವರ್ಷ ಧನ್ಯವಾದ ಹಂಚಿಕೊಂಡು ತಿರುಗಿದ ವರ್ಲೀನ್‌ಗೆ, ಈ ಸಲ ಅದು ತಿರುಗಿ ಸಿಕ್ಕಿತ್ತು. "ಮಗು ಎದ್ದಿದೆಯಾ?" ಎಂದಷ್ಟೇ ಕೇಳಿ, ಬಗ್ಗಿ ಕೆಸರಿನ ಬೂಟು ಕಳಚತೊಡಗಿದಳು.